ಮುಳುಗದ ಹಡಗು

ಮಾಸನ್ ಲೇಕ್ಸ್, ಅಡಿಲೇಡ್
೧೭ ಮೇ ೨೦೨೫

ಅಕ್ಕಾ,

ಚಿಕ್ಕಂದಿನಲ್ಲಿ ನೋಡಿದ ಆ ಸಿನಿಮಾದ ಹಡಗು ಮುಳುಗಲಿಲ್ಲ, ದಾರಿ ತಪ್ಪಿದೆ ಎಂದೋ, ಇನ್ನೂ ಬರುತ್ತಲೇ ಇದೆ ಎಂದೋ, ಏನೋ ಹೇಳಿದ್ದೆ ನೀನು. ಸರಿಯಾಗಿ ನೆನಪಾಗಲಿ ಎಂದು ಕಾದು ಕಾಗದ ತಡವಾಯಿತು, ಬೇಸರಿಸಬೇಡ. ಫೋನಿನಲ್ಲಿ ನಿನ್ನ ಆಪರೇಷನ್ ವಿಷಯ ಎತ್ತಿದರೆ "ಸಣ್ಣದು ಕಣೋ, ನೀನೇನೂ ಪರ್ತ್‌ಗೆ ಓಡ್ಬರ್ಬೇಡ" ಎಂದು ಕ್ಯಾನಿಂಗ್ ವೇಲ್ ಮಾರುಕಟ್ಟೆಯ ತರಕಾರಿ ರೇಟಿಗೆ ಹೊರಳುತ್ತೀ. ಅದಕ್ಕೇ ಬರೆಯಲು ಕೂತೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ನಾದಿನಿ ಗೌರಿಗೆ ಮಾಡ್ಬರಿಯ ಆಸ್ಪತ್ರೆಯಲ್ಲಿ ಹಗಲು ಪಾಳಿ ಸಿಕ್ಕಿದೆ. ಸಂಜೆ ಮೂವರೂ ಒಟ್ಟಿಗೆ ಊಟ ಮಾಡುತ್ತೇವೆ. ಸಿನಿಮಾ ಓದುತ್ತಿರುವ ಮಗಳು ಶರಣ್ಯಾ ಹಾಲಿವುಡ್ಡಿನ ಸಿಂಹದ ಕಂಪನಿಯ ಚರಿತ್ರೆ ಬರೆಯುತ್ತಿದ್ದಾಳೆ. ಪರದೆಯ ಮೇಲೆ ಸಿಂಹ ಗರ್ಜಿಸಿದರೆ ನಾನು ನಿನ್ನ ಲಂಗದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆನಲ್ಲ, ಅದೇ. ಊಟಕ್ಕೆ ಕೂತರೆ ಅದೇ ಮಾತು. ನಟನಟಿಯರಿಗೆ ವರ್ಷಗಟ್ಟಲೆ ಕರಾರು; ಆವರಣದೊಳಗೇ ಬೀದಿ, ಕೆರೆ, ಕಾಡು; ಕಾಲ ಕೆಟ್ಟ ಮೇಲೆ ಉಡುಪು, ಕುರ್ಚಿಗಳ ಹರಾಜು. ಬಿಡುಗಡೆಗೆ ಮೊದಲೇ ಒಂದಿಷ್ಟು ಜನಕ್ಕೆ ತೋರಿಸಿ, ಅವರಿಗೆ ಹಿಡಿಸದಿದ್ದರೆ ಕೊನೆಯನ್ನೇ ಮತ್ತೆ ಚಿತ್ರಿಸುತ್ತಿದ್ದುದೂ ಉಂಟಂತೆ.

ಮೊನ್ನೆ ಅವಳು ಟಿವಿಯಲ್ಲಿ ಹಾಕಿದ ಹಡಗಿನ ಕಪ್ತಾನನ ಚಿತ್ರ ನಾವು ಮೈಸೂರಿನಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ನೋಡಿದ್ದು. ನಾನಾಗ ಏಳು ವರ್ಷದವನು. ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ನೀನು ನನ್ನ ಕಿವಿಯಲ್ಲಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ಹಿಂದಿನವನೊಬ್ಬ "ಏನಮ್ಮಾ, ರೇಡಿಯೋ ಆಫ್ ಮಾಡ್ತೀಯಾ?" ಎಂದಾಗ ಅವನ ಪಕ್ಕದವನು "ಸುಮ್ನಿರಯ್ಯ, ನಿಂಗ್ ಬರುತ್ತಾ ಇಂಗ್ಲಿಷು? ಸ್ವಲ್ಪ ಜೋರಾಗ್ ಹೇಳಮ್ಮ" ಎಂದಿದ್ದ.

ಈಗ ನೋಡಿದರೆ ಹಡಗು ಅರ್ಧದಲ್ಲೇ ಮುಳುಗುತ್ತದೆ, ಕಪ್ತಾನ ಸಾಯುತ್ತಾನೆ. ಅವನ ಹೆಂಡತಿ ಕಪ್ಪು ತೊಟ್ಟು ಇಗರ್ಜಿಗೆ ಹೋಗುವಾಗ ನೀನು ಹೇಳಿದ್ದು ಚೆನ್ನಾಗಿ ನೆನಪಿದೆ: "ಮದುವೆಗೆ ಹೊರಟಿದಾಳೆ ಕಣೋ, ಆ ಊರಲ್ಲಿ ಮದುವೆಗೆ ಕಪ್ಪೇ ಹಾಕ್ಕೊಳೋದು." ಇದನ್ನು ಹೇಳಿದಾಗ ಶರಣ್ಯಾ ನಕ್ಕು ನಕ್ಕು "ಅಪ್ಪ, ಅತ್ತೆ ವಾಸ್ ದ ರಿಯಲ್ ಸ್ಟುಡಿಯೋ!" ಎಂದಳು. ನಾನೂ ನಕ್ಕೆ. ಸುತ್ತಲಿನವರು ಕಣ್ಣೊರೆಸಿಕೊಳ್ಳುವಾಗ ನಾನೊಬ್ಬ ಸುಖವಾಗಿ ಕಡಲೆಕಾಯಿ ಬಿಡಿಸುತ್ತಿದ್ದೆನಲ್ಲ. ಅಂಥ ಬಾಲ್ಯ ಎಷ್ಟು ಜನರಿಗೆ ಸಿಗುತ್ತದೆ? ಇವತ್ತಿಗೂ ಕತ್ತಲಿನ ಹಾಲಿನೊಳಗೆ ಕೂತರೆ ನನಗೆ ನೆಮ್ಮದಿಯೇ.

ಭಾವನಿಗೆ ನಮಸ್ಕಾರ. ಶರಣ್ಯಾಳನ್ನು ಹರಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಮಹಾಬಲೇಶ್ವರ

ತಾ.ಕ.: ಬ್ರಿಸ್ಬೇನಿನಿಂದ ನಿನ್ನ ಮಗ ವರುಣ ಫೋನ್ ಮಾಡಿದ್ದ. "ಇನ್ನು ಒಂದಷ್ಟು ತಿಂಗಳು ಪರ್ತ್‌ನಿಂದ್ಲೇ ಕೆಲಸ ಮಾಡ್ತೀನಿ ಮಾಮ" ಎಂದ. ಸಣ್ಣ ಆಪರೇಷನ್ನಿಗೆ ಅಷ್ಟು ತಿಂಗಳು ಬೇಕೇನೋ ಎಂದು ಕೇಳಿದೆ. ಹುಡುಗನೂ ನಿನ್ನಂತೆಯೇ ಬೇರೆ ಮಾತಿಗೆ ಹೊರಳಿದ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ನೀನು ಸುರತ್ಕಲ್ಲಿನ ನನ್ನ ಹಾಸ್ಟೆಲಿಗೆ ಗಾಬರಿಯೇನಿಲ್ಲ, ಪರೀಕ್ಷೆ ಮುಗಿಸಿಯೇ ಬಾ ಎಂದು ತಿಳಿಸಿದ್ದೆ. ನಾನು ಮುಗಿಸಿಯೇ ಬಂದೆ. ಅಷ್ಟರಲ್ಲಿ ಅಮ್ಮ ಇರಲಿಲ್ಲ. ಅಕ್ಕಾ, ಡಾಕ್ಟರು ನಿನಗೆ ಏನು ಹೇಳಿದರು?