ನಿಧಾನಕ್ಕೆ ಹಾಡಲಾಗದ ಹಾಡು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

"ತಲೆಬಾಗು ಮನವೇ, ತಲೆಬಾಗು" ಎಂದು ಬಟ್ಟೆ ಮಡಿಸುತ್ತಾ ಹಾಡುತ್ತಿದ್ದೆಯಲ್ಲ, ಅದರ ಮುಂದಿನ ಸಾಲು ಎಷ್ಟು ತಡಕಿದರೂ ನೆನಪಾಗುತ್ತಿಲ್ಲ. ಅಲ್ಲಾದರೂ ತಲೆ ಎತ್ತುವುದಿತ್ತೇ? ಇರಲಿಕ್ಕಿಲ್ಲ ಎಂದೇ ನನ್ನ ಗುಮಾನಿ.

ಗಂಡ ಹೋಗಿ ವರ್ಷ ತುಂಬುವ ಮೊದಲೇ ಸಂತೋಷದ ಹಾಡು ಬರೆದು ಚರ್ಚಿಗೆ ಕೊಟ್ಟರೆ ಜನ ಏನೆಂದಾರು ಎಂದು ಕೇಳಿದ್ದೀಯ. ಅಂದಾಯಿತು, ಅಮ್ಮ. ಗಾಯನ ತಂಡದ ಮೇಷ್ಟ್ರು ನನ್ನ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, "ಏನಮ್ಮಾ, ಯಜಮಾನ್ರು ಹೋಗಿ ಇನ್ನೂ ವರ್ಷ ಆಗಿಲ್ಲ, ಆಗ್ಲೇ ಚಪ್ಪಾಳೆ ಹಾಡಾ?" ಎಂದರು. "ಅವರು ಹೋದ್ರು ಮೇಷ್ಟ್ರೇ, ದೇವರೇನೂ ಹೋಗಿಲ್ವಲ್ಲ" ಎಂದೆ. ಕೊನೆಗೆ ಪಾದ್ರಿಗಳು ನಡುವೆ ಬಂದು ರಾಜಿ ಮಾಡಿಸಿದರು: ಹಾಡಬಹುದು, ಆದರೆ ನಿಧಾನಕ್ಕೆ, ಶೋಕಗೀತೆಯ ನಡೆಯಲ್ಲಿ.

ಆಗಲಿ ಎಂದು ಬಂದವಳೇ ಎರಡನೆಯ ಸಾಲನ್ನು ಬಿಚ್ಚಿ ಮತ್ತೆ ಹೆಣೆದೆ. ಉಸಿರೆಳೆದುಕೊಳ್ಳಲು ಎಲ್ಲೂ ಜಾಗ ಬಿಡಲಿಲ್ಲ: "ಬೆಟ್ಟ ಕುಣಿಯಲಿ ಕಡಲು ಕುಣಿಯಲಿ ಕುಂಟುಗಾಲೂ ಕೂಡಿ ಕುಣಿಯಲಿ ಕರ್ತನೆದ್ದೀ ಬೆಳಗಿನಲ್ಲಿ." ಓಡುತ್ತಾ ಹಾಡಿದರೆ ಒಂದೇ ಉಸಿರು ಸಾಕು. ಎಳೆದರೆ ದೇವರೇ ಗತಿ.

ನಿನ್ನೆ ಆರಾಧನೆಯಲ್ಲಿ ಮೇಷ್ಟ್ರು ಹಾರ್ಮೋನಿಯಂ ನುಡಿಸುತ್ತಾ ಎಳೆದೇ ಎಳೆದರು. "ಕುಂಟುಗಾಲು" ಬರುವಷ್ಟರಲ್ಲಿ ಗಂಡಸರ ಸಾಲು ಕೆಮ್ಮಿತು, ಹೆಂಗಸರ ದನಿ ಅರ್ಧಕ್ಕೇ ಕಡಿಯಿತು. ಮುಂದಿನ ಬೆಂಚಿನ ದರ್ಜಿ ಅಜ್ಜಿ, "ಬೇಗ ಬಾರ್ಸಪ್ಪಾ, ಜೀವ ಹೋಗ್ತಿದೆ!" ಎಂದು ಕೂಗಿಯೇಬಿಟ್ಟರು. ಮೇಷ್ಟ್ರ ಬೆರಳು ಓಡಿತು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಜನರನ್ನು ಹಿಡಿಯುವವರೇ ಇರಲಿಲ್ಲ.

ಮೇಷ್ಟ್ರು ಮುಖ ಊದಿಸಿಕೊಂಡಿದ್ದಾರೆ. ಊದಿಸಿಕೊಳ್ಳಲಿ. ಮುಂದಿನ ಹಾಡು ಇದಕ್ಕಿಂತ ಜೋರಾಗಿರುತ್ತದೆ. ಇನ್ನೊಂದು ವರ್ಷ ಸುಮ್ಮನಿರು ಎಂದು ಬರೆದಿದ್ದೀಯ. ಇರಲಾರೆ. ನಾನು ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡ.

ನಿನ್ನ
ಹಟಮಾರಿ

ಬರೆಯದೆ ಬಿಟ್ಟಿದ್ದೊಂದಿದೆ. ನಿನ್ನೆ ಎಲ್ಲರೂ ಹಾಡಿದರು, ನನ್ನಿಂದ ಮಾತ್ರ ಹಾಡಲಾಗಲಿಲ್ಲ. ಇವತ್ತು ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಒಬ್ಬಳೇ ದನಿ ಎತ್ತಿ ಹಾಡಿದೆ. ಬಾಗಿಲು ಬಡಿದ ಸದ್ದಾಯಿತು. ಗಲಾಟೆಯೆಂದು ಬೈಯಲು ಬಂದಿರಬೇಕೆಂದು ಜಗಳಕ್ಕೆ ಸಿದ್ಧಳಾಗಿಯೇ ತೆರೆದೆ. ಪಕ್ಕದ ಮನೆಯಾಕೆ. ಹೊಸ್ತಿಲಾಚೆಯೇ ನಿಂತು ಅಂದರು: "ಇಷ್ಟು ದಿನ ನೀವು ಅಳೋದು ಗೋಡೆಯಾಚೆ ಕೇಳಿಸ್ತಿತ್ತು ರೀ, ಬಾಗಿಲು ತಟ್ಟೋಕೆ ಧೈರ್ಯ ಬರ್ತಿರ್ಲಿಲ್ಲ. ಇವತ್ತು ಹಾಡಿದ್ರಲ್ಲ, ಅದಕ್ಕೇ ಬಂದೆ."