ಬೀಜದ ಉಳ್ಳಾಗಡ್ಡಿಯ ಮೂಲೆ

ತೋಟದ ಮನೆ, ಅಲಖನೂರ
೬ ನವೆಂಬರ್ ೨೦೨೪, ಬುಧವಾರ

ಚಿರಂಜೀವಿ ಸೌಭಾಗ್ಯವತಿ ಪ್ರಾಜಕ್ತಾಳಿಗೆ,

ನಿನ್ನ ಆಯಿಯ ಆಶೀರ್ವಾದಗಳು. ಪತ್ರದ ಮೊದಲಿಗೆ 'ಇತ್ತ ನಾವೆಲ್ಲ ಕ್ಷೇಮ' ಎಂದು ಬರೆಯಬೇಕು ಅಂತ ಏಳನೇ ಇಯತ್ತೆಯಲ್ಲಿ ಗುರುಗಳು ಕಲಿಸಿದ್ದರು. ಅರ್ಧ ಕ್ಷೇಮ ಇದ್ದವರು ಏನು ಬರೆಯಬೇಕು ಅಂತ ಅವರು ಕಲಿಸಲಿಲ್ಲ. ನಾವು ಅರ್ಧ ಕ್ಷೇಮ ಇದ್ದೇವೆ.

ಬರೆಯಲು ಒಂದು ವರ್ಷ ತಡವಾಯಿತು, ಸಿಟ್ಟಾಗಬೇಡ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದು ಒಲೆಗೆ ಹಾಕಿದೆ. ಫೋನು ಇದೆಯಲ್ಲ ಅನ್ನಬಹುದು. ನಾನು ಫೋನು ಮಾಡಿದರೆ ನೀನು 'ಚಹಾ ಆತೇನ್ರಿ' ಅಂತ ಕೇಳಿ ನಿನ್ನ ಅವ್ವನ ಕೈಗೆ ಕೊಡುತ್ತೀ. ಬೀಗತಿಯ ಮುಂದೆ ನಾನು ನಿಮ್ಮ ನಿಪ್ಪಾಣಿಯ ಚಳಿ, ನಮ್ಮ ಅಲಖನೂರಿನ ಚಳಿ ಅಂತ ಮಾತಾಡಿ ಇಡಬೇಕು. ಕಾಗದವಾದರೆ ನಿನ್ನ ಕೈಯಲ್ಲೇ ಇರುತ್ತದೆ. ನೀನು ಮರಾಠಿ ಶಾಲೆ ಓದಿದವಳು, ಕನ್ನಡ ಓದುವುದು ನಿಧಾನ ಅಂತ ಗೊತ್ತು. ನಿಧಾನವಾಗಿಯೇ ಓದು, ಆದರೆ ಜೋರಾಗಿ ಓದಬೇಡ. ನಿನ್ನ ಗಂಡನ ಕೈಯಲ್ಲೇ ಕೊಡುತ್ತೇನೆ, ಈಶ್ವರ ರವಿವಾರ ಬರುವಾಗ ತರುತ್ತಾನೆ. ಲಕೋಟೆಯ ಬಾಯಿಗೆ ಅನ್ನದ ಅಗುಳು ಒತ್ತಿ ಅಂಟಿಸುತ್ತೇನೆ. ಒಡೆದಿದ್ದರೆ ಹೇಳು, ಮೂವತ್ತು ದಾಟಿದರೂ ನನ್ನ ಮಗನ ಕಿವಿ ನನ್ನ ಕೈಗೆ ಸಿಗುತ್ತದೆ.

ನಿನ್ನ ಮಾವನವರು ಆರಾಮ ಇದ್ದಾರೆ. ಹೆಸರಿಗೆ ಬಾಬಾಸಾಹೇಬ, ಕೈಯಲ್ಲಿ ಕಳೆ ತೆಗೆಯುವ ಕುರ್ಪಿ ಕೊಟ್ಟರೆ ಮಾತ್ರ ಸೊಂಟ ಹಿಡಿಯುತ್ತದೆ. ದೀಪಾವಳಿಗೆ ಸಗಣಿಯ ಪಾಂಡವರನ್ನು ನಾನೊಬ್ಬಳೇ ಮಾಡಿದೆ. ಎರಡು ವರ್ಷದ ಹಿಂದೆ ನೀನು ಮಾಡಿದಾಗ ಭೀಮನ ಹೊಟ್ಟೆ ನಿನ್ನ ಮಾವನವರ ಹೊಟ್ಟೆಯಷ್ಟೇ ಮಾಡಿ, ಮೇಲೆ ಚೆಂಡು ಹೂ ಸಿಗಿಸಿದ್ದೆ. ಈ ಸಲ ಅವರೇ ಬಂದು ನೋಡಿ, "ಏನಬೇ ಚನ್ನವ್ವಾ, ಭೀಮ ಸೊರಗ್ಯಾನಲ್ಲ" ಅಂದರು. ನಾನು ಸಗಣಿಯ ಕೈ ತೊಳೆಯಲು ಎದ್ದು ಹೋದೆ.

ಈಶ್ವರನ ಸುದ್ದಿ ನಿನಗೇ ಗೊತ್ತು. ಹದಿನೈದು ದಿನಕ್ಕೊಮ್ಮೆ ಗಾಡಿ ತೆಗೆದುಕೊಂಡು ನಿನ್ನಲ್ಲಿಗೆ ಬರುತ್ತಾನೆ. ತಿರುಗಿ ಬಂದಾಗ ನಾನು ಗಾಡಿಯ ಹಿಂದಿನ ಸೀಟು ನೋಡುತ್ತೇನೆ, ಅವನು ನನ್ನ ಮುಖ ನೋಡುವುದಿಲ್ಲ.

ಕಬ್ಬು ಕಡಿಯುವವರು ಬಂದಿದ್ದಾರೆ. ಬೆಳಗಿನ ಇಬ್ಬನಿಗೆ ಸೆರಗು ತೊಯ್ಯುತ್ತದೆ. ಉಳ್ಳಾಗಡ್ಡಿ ಹಚ್ಚುವ ಹೊತ್ತು ಬಂತು, ಅದಕ್ಕೇ ಈ ಪತ್ರ. ಹಿತ್ತಲಲ್ಲಿ ನೆಡುವ ಅಗಿಯ ಸಸಿಗಳು ಗೇಣುದ್ದ ಬೆಳೆದು ನಿಂತಿವೆ. ಮಡಿ ಮಾಡಿ ನೀರು ಬಿಟ್ಟಿದ್ದೇನೆ. ನೀನು ಮದುವೆಯಾಗಿ ಬಂದ ಮೊದಲ ವರ್ಷ ನೆನಪಿದೆಯೇ? ನನಗೆ ಕುಡಚಿಯಲ್ಲಿ ಒಂದು ಲಗ್ನಕ್ಕೆ ಹೋಗುವುದಿತ್ತು. ಅಗಿ ಹಚ್ಚಿಡು ಅಂತ ಹೇಳಿ ಹೋದೆ. ಸಂಜೆ ಬಂದು ನೋಡಿದರೆ ನಿಪ್ಪಾಣಿಯ ತಂಬಾಕಿನ ನಾಡಿನ ಮಗಳು ಉಳ್ಳಾಗಡ್ಡಿಯನ್ನೂ ತಂಬಾಕಿನ ಹಾಗೆಯೇ ಹಚ್ಚಿದ್ದೆ, ಎರಡು ಮೊಳಕ್ಕೊಂದು! ಹಿತ್ತಲು ಮುಗಿದು ದನದ ಕೊಟ್ಟಿಗೆಯ ಬಾಗಿಲವರೆಗೂ ಹೋಗಿತ್ತು. "ಆಯಿ, ಜಾಗಾ ಸಾಲಲಿಲ್ರಿ" ಅಂತ ನೀನು ಅಳುಮುಖ ಮಾಡಿದೆ. ನಾನು ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಆದರೆ ಮಾರ್ಚಿನಲ್ಲಿ ಒಂದೊಂದು ಗಡ್ಡೆ ತೆಂಗಿನಕಾಯಿಯಷ್ಟು ಬಂತು. ಪಕ್ಕದ ತೋಟದ ಗಂಗೂಬಾಯಿಯನ್ನು ಕರೆದು ತೋರಿಸಿ, "ನಮ್ಮ ಸೊಸಿ ಹಚ್ಚಿದ್ದು" ಅಂತ ಹೇಳಿದೆ. ಅದನ್ನು ನಿನ್ನ ಎದುರು ಹೇಳಲಿಲ್ಲ, ತಲೆಗೇರಿಸಿಕೊಂಡೀಯೆ ಅಂತ. ಈಗ ಹೇಳುತ್ತಿದ್ದೇನೆ.

ನಮ್ಮ ಉಳ್ಳಾಗಡ್ಡಿಯ ಬೀಜ ಅಂಗಡಿಯದಲ್ಲ ಅಂತ ನಿನಗೆ ಆಗಲೇ ಕಲಿಸಿದ್ದೆ. ನಿನ್ನ ಗಂಡನ ಅಜ್ಜಿ, ನನ್ನ ಅತ್ತೆ ಸಾವಕ್ಕ, ತವರಿನಿಂದ ಸೆರಗಿನ ಗಂಟಿನಲ್ಲಿ ತಂದದ್ದು. ಈ ಬೀಜಕ್ಕೆ ಆಯುಷ್ಯ ಒಂದೇ ವರ್ಷ. ಜೋಳದ ಹಾಗೆ ಕಟ್ಟಿಡಲು ಬರುವುದಿಲ್ಲ. ಅದಕ್ಕೇ ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಒಳ್ಳೆಯ ಗಡ್ಡೆಗಳನ್ನು ಆರಿಸಿ, ತಲೆ ಕೊಯ್ದು, ಬೂದಿ ಸವರಿ, ಬಾವಿಯ ಹತ್ತಿರದ ಮೂಲೆಯಲ್ಲಿ ಹಚ್ಚುತ್ತೇವೆ. ಆ ಗಡ್ಡೆಗಳನ್ನು ಯಾರೂ ತಿನ್ನುವುದಿಲ್ಲ. ಅವು ಚಳಿಗಾಲವೆಲ್ಲ ಮಣ್ಣಲ್ಲಿದ್ದು, ಶಿವರಾತ್ರಿಯ ಹೊತ್ತಿಗೆ ಬಿಳಿ ಹೂ ಬಿಟ್ಟು, ಯುಗಾದಿಯಾದ ಮೇಲೆ ಕರಿ ಬೀಜ ಕೊಡುತ್ತವೆ. ಚಳಿ ಉಣ್ಣದ ಗಡ್ಡೆ ಹೂ ಬಿಡುವುದಿಲ್ಲ. ಒಂದು ವರ್ಷ ತಪ್ಪಿತೋ, ಸಾವಕ್ಕನ ಉಳ್ಳಾಗಡ್ಡಿ ಅಲ್ಲಿಗೆ ಮುಗಿಯಿತು.

ಈಗ ಆ ದಿನದ ಮಾತಿಗೆ ಬರುತ್ತೇನೆ, ಎಷ್ಟು ಸುತ್ತು ಹಾಕಿದರೂ ಬರಲೇಬೇಕು.

ಹೋದ ವರ್ಷ ಚಿಕ್ಕೋಡಿಯ ದವಾಖಾನೆಯಿಂದ ಬರಿಗೈಯಲ್ಲಿ ಬಂದು ನಿನಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಎಂಟು ತಿಂಗಳು ಹೊತ್ತ ಮಗಳು ಉಸಿರಾಡದೆ ಹೋದಳು. ನೀನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಒಂದೇ ಒಂದು ಸಲ ನನ್ನ ಕೈ ಹಿಡಿದು, "ಆಯಿ, ಬಾಳಾನ್ನ, ನನ್ನ ಕೂಸನ್ನ ಎಲ್ಲಿ ಮಲಗಿಸ್ಯಾರ?" ಅಂತ ಕೇಳಿದೆ. "ಹಡೆದಾಕಿ ಅದನ್ನ ಕೇಳಬಾರದವ್ವ, ಮುಂದಿನ ಕೂಸಿಗೆ ಒಳ್ಳೇದಲ್ಲ" ಅಂದೆ. ನಮ್ಮ ಮನೆಯ ಪದ್ಧತಿ ಹಾಗೆ. ಮಣ್ಣು ಕೊಟ್ಟ ಗಂಡಸರು ಜಾಗ ಹೇಳುವುದಿಲ್ಲ, ಹಡೆದವಳು ಕೇಳುವುದಿಲ್ಲ. ಈಶ್ವರನಿಂದಲೂ ಆಣೆ ಹಾಕಿಸಿಕೊಂಡೆ.

ಅದಾದ ಮೇಲೆ ಒಂದು ಬೆಳಿಗ್ಗೆ ನೀನಾಗಿಯೇ ಎದ್ದೆ. ತಲೆ ಬಾಚಿಕೊಂಡೆ. ಗಂಗೂಬಾಯಿಯೂ ನಾನೂ ಬೀಜದ ಗಡ್ಡೆ ಕೊಯ್ಯುತ್ತ ಕೂತಲ್ಲಿಗೆ ಬಂದೆ. "ನಾನೂ ಹಚ್ಚತೇನ್ರಿ ಆಯಿ" ಅಂತ ಒಂದು ಗಡ್ಡೆ ಎತ್ತಿಕೊಂಡು ನೇರ ಆ ಮೂಲೆಗೆ ಹೋಗಿ ಕುರ್ಪಿ ಹಾಕಲು ಕೂತೆ. ನಾನು ಓಡಿ ಬಂದು ನಿನ್ನ ಕೈಯಿಂದ ಗಡ್ಡೆ ಕಸಿದುಕೊಂಡೆ. "ಉಡಿ ಬರಿದಾದಾಕಿ ಬೀಜಕ್ಕ ಕೈ ಹಚ್ಚಬಾರದು" ಅಂದೆ. ಗಂಗೂಬಾಯಿಯ ಎದುರಿಗೆ ಅಂದೆ.

ನೀನು ಅಳಲಿಲ್ಲ. ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು, "ಆತ್ರಿ, ಅತ್ತೀ" ಅಂದೆ. ಮನೆಗೆ ಬಂದ ಮೊದಲ ದಿನದಿಂದ ನನ್ನನ್ನು ನಿಮ್ಮ ಮರಾಠಿಯಲ್ಲಿ ತಾಯಿಗೆ ಅನ್ನುವ ಹಾಗೆ ಆಯಿ ಅಂತಲೇ ಕರೆದವಳು ಅವತ್ತು ಅತ್ತಿ ಅಂದೆ. ಮೂರನೇ ದಿನ ನಿನ್ನ ತಮ್ಮ ನಿಲೇಶ ಬಂದು ಕರೆದುಕೊಂಡು ಹೋದ. ನಾನು ಬಸ್ಸಿನವರೆಗೆ ಬರುತ್ತೇನೆ ಅಂದರೆ ನೀನು, "ಬ್ಯಾಡ್ರಿ, ಬಿಸಲೈತಿ" ಅಂದೆ. ಬಿಸಿಲೇ ಇರಲಿಲ್ಲ, ಕಾರ್ತಿಕದ ಚಳಿ ಇತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಊರಿಗೆಲ್ಲ ಹೇಳುವವಳು ನಾನೇ. ಈಶ್ವರ ಏಪ್ರಿಲಿನಲ್ಲಿ ನಾನು ಮೊರದಲ್ಲಿ ಬೀಜ ಕೇರುತ್ತ ಕೂತಾಗ ಎದುರು ಬಂದು ನಿಂತು, "ಅವ್ವಾ, ನಿನಗ ಬೀಜಾ ಉಳಸಾಕ ಬರತೈತಿ, ಮನಿ ಉಳಸಾಕ ಬರಂಗಿಲ್ಲ" ಅಂದ. ಅವನು ಹೋದ ಮೇಲೆ ಮೊರ ಪಕ್ಕಕ್ಕಿಟ್ಟೆ. ಗಾಳಿಗೆ ಅರ್ಧ ಬೀಜ ಹಾರಿ ಹೋಯಿತು. ಹೋಗಲಿ ಬಿಡು ಅನ್ನಿಸಿತು.

ಪ್ರಾಜಕ್ತಾ, ನನ್ನದು ತಪ್ಪು. ನೀನು ಕಿರಿಯಳು, ನಾನು ಹಿರಿಯಳು ಅಂತ ಇಷ್ಟು ದಿನ ಈ ಮಾತನ್ನು ನುಂಗಿಕೊಂಡಿದ್ದೆ. ತಪ್ಪಿಗೆ ಹಿರಿತನ ಎಲ್ಲಿಂದ ಬಂತು? ಆ ಮಾತು ನಿನಗೆ ಎಷ್ಟು ಆಳ ಹೋಯಿತು ಅಂತ ನನಗೆ ಗೊತ್ತಿದೆ. ಗೊತ್ತಿದ್ದೂ ಆಡಿದೆ, ಅದೇ ದೊಡ್ಡ ಪಾಪ.

ಈ ವರ್ಷದ ಬೀಜದ ಗಡ್ಡೆಗಳು ಬುಟ್ಟಿಯಲ್ಲಿ ಕೂತಿವೆ. ಆಗಲೇ ಹಸಿರು ಮೂಗು ಹೊರಗೆ ಹಾಕಿವೆ. ಗಂಗೂಬಾಯಿ ದಿನಾ ಬಂದು, "ಯಾವಾಗ ಹಚ್ಚೂನು ಯಕ್ಕಾ" ಅನ್ನುತ್ತಾಳೆ. "ನಮ್ಮ ಸೊಸಿ ಬಂದು ಮೊದಲಿಂದು ಹಚ್ಚಲಿ, ಆಮ್ಯಾಲೆ" ಅಂದೆ. ಅವಳು ಬುಟ್ಟಿಯ ಹತ್ತಿರ ಕೂತು, "ನಾನರೆ ಅವತ್ತ ನಿನ್ನ ಬಾಯಿ ಮುಚ್ಚಬೇಕಿತ್ತಬೇ" ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇನ್ನು ಹತ್ತು ದಿನ ಕಾಯಬಹುದು. ಅದಕ್ಕಿಂತ ತಡವಾದರೆ ಅವಕ್ಕೆ ಬೇಕಾದಷ್ಟು ಚಳಿ ಸಿಗುವುದಿಲ್ಲ. ನೀನು ಬರದಿದ್ದರೆ ಈ ವರ್ಷ ನಾನು ಹಚ್ಚುವುದಿಲ್ಲ. ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡ. ನನ್ನ ಕೈ ಏಳುತ್ತಿಲ್ಲ, ಅಷ್ಟೇ.

ಬರಲು ಮನಸ್ಸಿಲ್ಲದಿದ್ದರೆ ಬಲವಂತವಿಲ್ಲ. ಈಶ್ವರನ ಚೀಲದಲ್ಲಿ ಒಂದು ಗಡ್ಡೆ ಇಟ್ಟಿದ್ದೇನೆ, ಎಲ್ಲಕ್ಕಿಂತ ದುಂಡಗಿನದು. ನಿನ್ನ ತವರಿನ ಹಿತ್ತಲಲ್ಲೇ ಹಚ್ಚು. ಬೀಜ ನಿನ್ನದು, ನೀನು ಎಲ್ಲಿದ್ದರೂ ನಿನ್ನದೇ. ಸಾವಕ್ಕ ತಂದದ್ದು ನನಗೆ ಬಂತು, ನನ್ನದು ನಿನಗೆ. ಅದಕ್ಕೆ ಉಡಿ ತುಂಬಿರಬೇಕು ಅಂತ ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಹೊಟ್ಟೆ ತುಂಬ ಉಣ್ಣು. ತಲೆಗೆ ಎಣ್ಣೆ ಹಚ್ಚಿಕೋ. ಬೀಗತಿಗೆ ನನ್ನ ನಮಸ್ಕಾರ, ನಿಲೇಶನಿಗೆ ಆಶೀರ್ವಾದ. ನಗುವುದು ನಿನಗೆ ಮತ್ತೆ ಬರಲಿ. ಅದು ನನ್ನ ಅಂಗಳದಲ್ಲಿ ಬಂದರೆ ನನ್ನ ಪುಣ್ಯ, ಬೇರೆ ಕಡೆ ಬಂದರೂ ನನಗೆ ಸಂತೋಷವೇ.

ನಿನ್ನ ಆಯಿ
(ಇನ್ನೂ ಹಾಗೆ ಬರೆದುಕೊಳ್ಳಬಹುದಾದರೆ)
ಚನ್ನವ್ವ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಈ ಮಾತು ಬರೆಯದಿದ್ದರೆ ಮೇಲಿನದೆಲ್ಲ ಬರೆದೂ ಸುಳ್ಳೇ.

ಆ ದಿನ ನಾನು ಕಸಿದುಕೊಂಡದ್ದು ನಿನ್ನ ಉಡಿ ಬರಿದಾಗಿದೆ ಅಂತಲ್ಲ. ನೀನು ಕುರ್ಪಿ ಎತ್ತಿದ ಜಾಗದ ಮಣ್ಣು ಇನ್ನೂ ಹಸಿಯಾಗಿತ್ತು. ನಿನ್ನ ಮಗಳನ್ನು ಅಲ್ಲೇ ಮಲಗಿಸಿದ್ದರು. ನಿನಗೆ ಗೊತ್ತಿರಲಿಲ್ಲ. ನಿಜ ಹೇಳಲು ಧೈರ್ಯ ಸಾಲದೆ, ಬಾಯಿಗೆ ಸಿಕ್ಕ ಪದ್ಧತಿಯ ಮಾತೊಂದನ್ನು ಆಡಿಬಿಟ್ಟೆ.

ಈಶ್ವರನಿಗಿಂತ ಮೊದಲು ನನಗೊಬ್ಬಳು ಮಗಳು ಹುಟ್ಟಿದ್ದಳು. ಒಂದು ದಿನ ಅತ್ತಳು, ಎರಡನೇ ದಿನ ಅಳಲಿಲ್ಲ. ನಾನೂ ಕೇಳಿದೆ, ನನಗೂ ಯಾರೂ ಜಾಗ ಹೇಳಲಿಲ್ಲ. ಹನ್ನೊಂದು ವರ್ಷ ಈ ನಾಲ್ಕು ಎಕರೆಯಲ್ಲಿ ಎಲ್ಲಿ ಕಾಲಿಟ್ಟೇನೋ ಅಂತ ಅಂಜಿ ಅಂಜಿ ಓಡಾಡಿದೆ. ಒಂದು ದೀಪಾವಳಿಗೆ ನನ್ನ ಅತ್ತೆ ಬೀಜದ ಗಡ್ಡೆಯನ್ನು ನನ್ನ ಕೈಯಲ್ಲಿಟ್ಟು, ಬಾವಿಯ ಮೂಲೆ ತೋರಿಸಿ, "ಇನ್ನ ಇಲ್ಲಿ ನೀನ ಹಚ್ಚು" ಅಂದರು. ಅಷ್ಟೇ ಅಂದರು. ನನ್ನ ಮಗಳು ಎಲ್ಲಿದ್ದಾಳೆ, ಆ ಮೂಲೆಯದನ್ನು ಯಾಕೆ ತಿನ್ನುವುದಿಲ್ಲ ಅಂತ ಅವತ್ತು ನನಗೆ ತಿಳಿಯಿತು. ಅಷ್ಟೆಲ್ಲ ಅನುಭವಿಸಿದ ನಾನೇ ನಿನ್ನ ಬಾಯಿ ಮುಚ್ಚಿಸಿದೆ.

ಬಾವಿಯ ಕಡೆಯಿಂದ ಬಂದರೆ ಕರಿಬೇವಿನ ಗಿಡದ ಎಡಕ್ಕೆ, ಮೊದಲ ಸಾಲಿನ ತುದಿ. ಅವಳ ಸೋದರತ್ತೆಯ, ನನ್ನ ಮಗಳ ಮಗ್ಗುಲಲ್ಲೇ ಇದ್ದಾಳೆ, ಒಬ್ಬಳೇ ಇಲ್ಲ. ಹೋದ ಶಿವರಾತ್ರಿಗೆ ಇಬ್ಬರ ಸುತ್ತಲೂ ಬಿಳಿ ಹೂ ಬಿಟ್ಟಿತ್ತು. ಈಗ ಮಣ್ಣು ಕೂತಿದೆ, ಕುರ್ಪಿ ಹಾಕಬಹುದು. ಗಡ್ಡೆ ಇಡುವ ಗುಣಿಗಳನ್ನೆಲ್ಲ ತೆಗೆದಿಟ್ಟಿದ್ದೇನೆ, ಆ ಒಂದು ಗುಣಿಯನ್ನು ನಿನ್ನ ಕೈಗೆ ಬಿಟ್ಟಿದ್ದೇನೆ.