ಮೂರು ತೋಳಿನ ಅಂಗಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ ನಿನ್ನ ಮಗಳ ನಮಸ್ಕಾರಗಳು.

ಉತ್ತರ ತಡವಾಯಿತು, ಬೈಯಬೇಡ. ಮೊನ್ನೆಯೇ ಬರೆಯಲು ಕೂತಿದ್ದೆ. "ಪ್ರೀತಿಯ" ಎನ್ನುವಷ್ಟರಲ್ಲಿ ನಿನ್ನ ಮೊಮ್ಮಗಳು ರಾಗ ಎಳೆದಳು. ನೋಡಲು ಬಂದವರೆಲ್ಲ "ಹೂವಿನಂಥಾ ಮಗು" ಅನ್ನುತ್ತಾರೆ. ಹೂವು ಹೀಗೆ ಬೊಬ್ಬೆ ಹೊಡೆಯುವುದನ್ನು ನಾನಂತೂ ಕಂಡಿಲ್ಲ.

ಮಗು ಮಲಗಿದಾಗ ನೀನೂ ಮಲಗು ಎಂದು ಬರೆದಿದ್ದೀಯ. ಚೆನ್ನಾಗಿದೆ! ಹಾಗಾದರೆ ಅವಳ ಬಟ್ಟೆ ಯಾರು ಒಗೆಯಬೇಕು? ಅವಳು ಅಳುವಾಗ ನಾನೂ ಅಳಲೇ? ಹೊಲಿಗೆ ಯಂತ್ರದ ಮೇಲೆ ಗಿರಾಕಿಗಳ ಬಟ್ಟೆಗಿಂತ ಅವಳ ಲಂಗೋಟಿಗಳೇ ಹೆಚ್ಚಿವೆ. ನಿನ್ನ ಅಳಿಯನ ಕಥೆ ಕೇಳಲೇಬೇಡ. ದಿನವಿಡೀ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಾ ಗಲಾಟೆ ಕೇಳಿದ ಕಿವಿ, ಮನೆಗೆ ಬಂದರೆ ಬಂದ್. ಬೆಳಿಗ್ಗೆ ಮೈಮುರಿಯುತ್ತಾ, "ಪಾಪು ರಾತ್ರಿಯೆಲ್ಲಾ ಎಷ್ಟ್ ಜಾಣೆ ಹಾಗೆ ಮಲ್ಗಿದ್ಲು ಅಲ್ವೇನೇ?" ಅಂದರು. ಕೈಯಲ್ಲಿ ಕತ್ತರಿ ಇತ್ತು, ತಡೆದುಕೊಂಡೆ.

ಮೊನ್ನೆ ಮೇಷ್ಟ್ರೊಬ್ಬರ ಅಂಗಿಯನ್ನು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತೂಕಡಿಸುತ್ತಲೇ ಹೊಲಿದೆ. ಅವರು ಹಾಕಿ ನೋಡಿದರೆ, ಪಕ್ಕೆಯ ಹೊಲಿಗೆಯಲ್ಲಿ ಇನ್ಯಾರದೋ ಅಂಗಿಯ ತೋಳು ಸೇರಿಕೊಂಡು ನೇತಾಡುತ್ತಿದೆ!

"ಈ ಮೂರನೇ ಕೈ ನನಗ್ಯಾಕಮ್ಮಾ? ನಿಮಗೇ ಬೇಕಾಗಿರೋ ಹಾಗಿದೆ," ಅಂದರು.

ನಕ್ಕೆ. ನಗುತ್ತಾ ನಗುತ್ತಾ ಅಳು ಬಂದುಬಿಟ್ಟಿತು. ಮೇಷ್ಟ್ರು ಗಾಬರಿಯಾಗಿ, "ಅಯ್ಯೋ ಬಿಡೀಮ್ಮಾ, ಹೀಗೇ ಹಾಕ್ಕೋತೀನಿ," ಅಂದರು.

ಅಣ್ಣನ ಮಗು ಹೇಗಿದೆ? ನೀನು ನೀರು ಹಾಕಿದರೆ ಸಾಕು, ಗಪ್ಪನೆ ಮಲಗುತ್ತಾನಂತೆ. ಮಧ್ಯಾಹ್ನ ತಮಗೂ ಒಳ್ಳೆಯ ನಿದ್ದೆ ಎಂದು ಅತ್ತಿಗೆ ಬರೆದಿದ್ದರು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಆದರೂ ಆ ಕಂದನಿಗೆ ನನ್ನ ಆಶೀರ್ವಾದ ಹೇಳು, ನೂರು ಕಾಲ ಬಾಳಲಿ. ನಿನ್ನ ಮಂಡಿ ನೋವು ಜೋಪಾನ.

ಇಂತಿ,
ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿರುವ
ನಿನ್ನ ಮಗಳು

ತಾ.ಕ.: ಅತ್ತಿಗೆಗೂ ನನಗೂ ಒಂದೇ ತಿಂಗಳಲ್ಲಿ ಹೆರಿಗೆ ಎಂದು ತಿಳಿದಾಗ ನೀನು, "ಅವಳ ಕೈಲಿ ಆಗಲ್ಲ ಕಣೇ. ನೀನು ಗಟ್ಟಿಗಿತ್ತಿ, ಹೇಗೋ ನಿಭಾಯಿಸ್ತೀಯ," ಅಂದೆ. ಚಿಕ್ಕಂದಿನಲ್ಲೂ ಇದೇ ಮಾತು. ಇಬ್ಬರಿಗೂ ಜ್ವರ ಬಂದರೆ ನೀನು ಅಣ್ಣನ ಪಕ್ಕದಲ್ಲೇ ಕೂರುತ್ತಿದ್ದೆ. ನಾನು ಗಟ್ಟಿಗಿತ್ತಿಯಲ್ಲಮ್ಮಾ. ಅತ್ತರೂ ನೀನು ಬರುವುದಿಲ್ಲ ಎಂದು ಗೊತ್ತಾಗಿತ್ತು, ಅದಕ್ಕೇ ಅಳುತ್ತಿರಲಿಲ್ಲ.